ಗಂಡನ ಸಹಿಯ ಗೆರೆ

2022ರಲ್ಲಿ ನಾನು ಗದಗ ಸೀಮೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ತಜ್ಞೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಕೈ ಪಳಗಿದೆ, ಇನ್ನು ನನಗೆ ಯಾರೂ ಕಲಿಸಬೇಕಾದ್ದಿಲ್ಲ ಎಂಬ ಜಂಬವೂ ಇತ್ತು.

ಅಡರಕಟ್ಟಿ ಕಡೆಯ ಶಾಂತವ್ವ ಒಬ್ಬಳೇ ಬಂದಳು. ಹೆಸರು ಬದಲಿಸಿದ್ದೇನೆ. ಮೂವತ್ತರ ವಯಸ್ಸು, ಇಬ್ಬರು ಮಕ್ಕಳು, ಒಂಬತ್ತು ವಾರದ ಬಸಿರು. ಎರಡನೆಯ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಸಾವಿನ ದವಡೆಯಿಂದ ಪಾರಾಗಿದ್ದವಳು. "ಇದು ಬ್ಯಾಡ್ರಿ ಬಾಯಾರ. ನಾ ಸತ್ತರ ಆ ಎರಡು ಕೂಸಿನ ಗತಿ ಏನ್ರಿ?" ಎಂದಳು.

ಇಂಥವಳಿಗಾಗಿಯೇ ಗರ್ಭಪಾತದ ಕಾನೂನು 1971ರಿಂದ ಇದೆ. ಇಪ್ಪತ್ತು ವಾರದೊಳಗಾದರೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ವಯಸ್ಕ ಹೆಂಗಸಾದರೆ ಅವಳ ಒಪ್ಪಿಗೆಯೊಂದೇ ಸಾಕು. ಆದರೆ ನಮ್ಮ ಒಪ್ಪಿಗೆ ಪತ್ರದ ಕೆಳಗೆ ಯಾವನೋ ಪುಣ್ಯಾತ್ಮ ಪೆನ್ನಿನಲ್ಲಿ ಗೆರೆ ಎಳೆದು 'ಗಂಡನ ಸಹಿ' ಎಂದು ಬರೆದಿದ್ದ. ಅದನ್ನೇ ಝೆರಾಕ್ಸ್ ಮಾಡಿಸುತ್ತ ವರ್ಷಗಳೇ ಕಳೆದಿದ್ದವು. ಅದು ಕಾನೂನಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಗಂಡ ಬಂದು ಗದ್ದಲ ಹಾಕಿದರೆ ಯಾರಿಗೆ ಬೇಕು ಆ ತಲೆನೋವು? "ಸಹಿ ಮಾಡಿಸ್ಕೊಂಡು ಬಾರವ್ವಾ" ಎಂದು ಕಳಿಸಿಬಿಟ್ಟೆ.

ಮರುದಿನ ಗಂಡನೇ ಬಂದ. ವರಾಂಡದಲ್ಲಿ ನಾಲ್ಕು ಮಂದಿಗೆ ಕೇಳುವಂತೆ, "ಇಂಥಾ ಕಾನೂನ ಇರಬಾರದ್ರಿ. ಪಾಪದ ಕೆಲಸಕ್ಕ ನಾ ಸಹಿ ಹಾಕಂಗಿಲ್ಲ" ಎಂದು ಭಾಷಣ ಬಿಗಿದು ಹೋದ. ಕುಳಿತಿದ್ದವರು ತಲೆದೂಗಿದರು. ಅವನ ಸಹಿ ಬೇಕಿಲ್ಲ, ನೀನೊಬ್ಬಳೇ ಬಾ ಎಂದು ನಾನಾದರೂ ಶಾಂತವ್ವನಿಗೆ ಹೇಳಿ ಕಳಿಸಬಹುದಿತ್ತು. ಕಳಿಸಲಿಲ್ಲ.

ಎಂಟನೆಯ ದಿನ ಅವಳನ್ನು ಟಂಟಂ ಆಟೋದಲ್ಲಿ ಮಲಗಿಸಿಕೊಂಡು ತಂದರು. ಸೀರೆಯೆಲ್ಲ ನೆತ್ತರು, ಹಿಮೋಗ್ಲೋಬಿನ್ ಐದಕ್ಕಿಳಿದಿತ್ತು. ಏನು ಕೊಟ್ಟೆ ಎಂದು ಗದರಿದೆ. ಗಂಡ ನೆಲ ನೋಡುತ್ತ, "ಬಸರ ತೆಗಿಯೂ ಗುಳಿಗಿ ರೀ. ನಾನ ತಂದಕೊಟ್ಟೆ. ಕಾಗದದಾಗ ನನ್ನ ಹೆಸರ ಬರಬಾರದಿತ್ತು, ಅಷ್ಟ" ಎಂದ.

ಥೂ! ಅವನಿಗಿದ್ದದ್ದು ಪಾಪದ ಭಯವಲ್ಲ, ಹೆಸರಿನ ಭಯ. ಆ ಮುಖ ನೋಡಲು ಹೇಸಿಗೆಯಾಯಿತು. ಅಷ್ಟರಲ್ಲಿ ಸಿಸ್ಟರ್ ಆಪರೇಷನ್ನಿಗೆಂದು ಅದೇ ಗೆರೆಯ ಹಾಳೆ ತಂದಳು. ನಾನು ಕಾಪಾಡಿಕೊಂಡಿದ್ದೂ ನನ್ನ ಹೆಸರನ್ನೇ ಅಲ್ಲವೇ? ಹೇಸಿಗೆ ನನ್ನ ಕಡೆಗೇ ತಿರುಗಿತು.

ಗರ್ಭಕೋಶ ಸ್ವಚ್ಛ ಮಾಡಿ, ಗದಗಿನಿಂದ ತರಿಸಿದ ಮೂರು ಬಾಟಲಿ ರಕ್ತ ಏರಿಸಿದೆವು. ಬದುಕಿದಳು. ಆ ಹಾಳೆಗಳ ಕಟ್ಟನ್ನು ನನ್ನ ಕೈಯಾರೆ ಹರಿದು ಹಾಕಿದೆ.

ಮನೆಗೆ ಹೋಗುವ ದಿನ ಶಾಂತವ್ವ ಡಿಸ್ಚಾರ್ಜ್ ಪುಸ್ತಕಕ್ಕೆ ಸಹಿ ಮಾಡುತ್ತ ಕೇಳಿದಳು: "ಇಲ್ಲಿ ನನ್ನ ಒಬ್ಬಾಕಿ ಸಹಿ ಸಾಕೇನ್ರಿ?"

"ಸಾಕವ್ವಾ."

"ಅವತ್ತ?"

"ಅವತ್ತೂ ಸಾಕಿತ್ತು."

ಪೆನ್ನನ್ನು ಮೇಜಿನ ಮೇಲಿಟ್ಟಳು. "ಮತ್ತ ಯಾಕ ಕಳಿಸಿದ್ರಿ ಬಾಯಾರ?"

ಗರ್ಭಪಾತಕ್ಕೆ ಕಾನೂನು ಇರಬೇಕೋ ಬೇಡವೋ ಎಂಬ ಚರ್ಚೆಗಳಿಗೆ ಈಗಲೂ ನನ್ನನ್ನು ಕರೆಯುತ್ತಾರೆ. ಇರಲೇಬೇಕು ಎನ್ನುತ್ತೇನೆ. ಕಾನೂನು ಇದ್ದೂ ಅದನ್ನು ನನ್ನ ಮೇಜಿನ ಮೇಲೆ ಇಲ್ಲವಾಗಿಸಿದವಳು ನಾನೇ ಎಂದೂ ಹೇಳುತ್ತೇನೆ. ಹೆದರಿದ್ದೆ ಎಂಬ ಒಂದು ಮಾತನ್ನು ಅಂದು ಶಾಂತವ್ವನಿಗೆ ಹೇಳಲಾಗಲಿಲ್ಲ. ಅದಕ್ಕೇ ಈಗ ಕಂಡವರಿಗೆಲ್ಲ ಹೇಳುತ್ತಿದ್ದೇನೆ.