ಮುಷ್ಟಿಯೊಳಗಿನ ಪುಡಿ

ಮನುಷ್ಯನ ಜ್ಞಾನಕ್ಕೆ ಮಿತಿಯುಂಟು, ಸೃಷ್ಟಿಯ ರಹಸ್ಯಕ್ಕೆ ಮಿತಿಯಿಲ್ಲ. ಈ ಗಂಭೀರ ಮಾತನ್ನು ನಾನು ಬಳಸುತ್ತಿದ್ದುದು ಯಂತ್ರ ಏಕೆ ಕೆಟ್ಟಿತೆಂದು ತಿಳಿಯದಾಗ ಮಾತ್ರ. ವಿಚಿತ್ರ ಅನುಭವಗಳೆಲ್ಲ ಕೆಲಸವಿಲ್ಲದವರಿಗೆ ಆಗುವಂಥವು ಎಂದೇ ನಂಬಿದ್ದೆ.

ಬುಟಿಬೋರಿ ಕೈಗಾರಿಕಾ ಪ್ರದೇಶದ ಆಚೆ ನಮ್ಮದೊಂದು ಚಿಕ್ಕ ಕಾರ್ಖಾನೆ. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಮರದ ಹೊಟ್ಟು ಎಲ್ಲವನ್ನೂ ಪುಡಿ ಮಾಡಿ, ಒತ್ತಿ, ಬಾಯ್ಲರಿಗೆ ಹಾಕುವ ಪೆಲೆಟ್ ಎಂಬ ಉರುವಲು ತುಂಡು ಮಾಡುತ್ತೇವೆ. ಪುಡಿಯಲ್ಲಿ ತೇವ ಹೆಚ್ಚಾದರೆ ಯಂತ್ರ ಕಟ್ಟಿಕೊಳ್ಳುತ್ತದೆ. ತೇವ ಅಳೆಯಲೆಂದು ನಾನೊಂದು ಮೀಟರ್ ತಂದೆ. ನಮ್ಮ ಆಪರೇಟರ್, ಬೀದರಿನ ಶರಣಪ್ಪ, ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿಯೇ ತೇವ ಹೇಳುವವನು.

“ಸಾಹೇಬ್ರ, ನಿಮ್ಮ ಮೀಟರಿಗಿ ಸೆಲ್ ಬೇಕು. ನನ್ನ ಕೈಗಿ ಎರಡು ರೊಟ್ಟಿ ಸಾಕ್ ನೋಡ್ರಿ” ಎಂದ. ಮೀಟರ್ ಕಪಾಟು ಸೇರಿತು.

ಯಂತ್ರದ ಬಾಗಿಲು ತೆರೆದು ಕೈ ಹಾಕುವ ಮುನ್ನ ಅವನು ತನ್ನ ಕೆಂಪು ಟವೆಲನ್ನು ಸ್ವಿಚ್ ಪೆಟ್ಟಿಗೆಯ ಮೇಲೆ ಹಾಕುತ್ತಿದ್ದ. ಟವೆಲ್ ಇರುವಷ್ಟು ಹೊತ್ತು ಯಾರೂ ಗುಂಡಿ ಮುಟ್ಟುವಂತಿಲ್ಲ. ನಮ್ಮ ಸಂವಿಧಾನದಲ್ಲಿ ಇದ್ದುದು ಅದೊಂದೇ ವಿಧಿ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಮಧ್ಯಾಹ್ನ ಯಂತ್ರ ಕಟ್ಟಿಕೊಂಡಿತು. ಶರಣಪ್ಪ ಅದನ್ನು ಬಿಡಿಸುತ್ತಿದ್ದಂತೆ ನಾನು ಆಫೀಸಿಗೆ ಹೋಗಿ ಊಟ ಮಾಡಿ, ಕೈ ತೊಳೆದು ಬಂದೆ. ಪೆಟ್ಟಿಗೆಯ ಮೇಲೆ ಟವೆಲ್ ಕಾಣಲಿಲ್ಲ. ಕೆಲಸ ಮುಗಿಯಿತೆಂದು ತಿಳಿದು ಹಸಿರು ಗುಂಡಿಗೆ ಬಲಗೈ ಚಾಚಿದೆ.

ಆಗ ಎಡಗೈಯೊಳಗೆ ಏನೋ ಬೆಚ್ಚಗೆ, ಒದ್ದೆಯಾಗಿ ತಾಗಿತು. ಬಿಚ್ಚಿ ನೋಡಿದೆ. ತೊಗರಿಕಟ್ಟಿಗೆಯ ಹಸಿ ಪುಡಿ, ಯಾರೋ ಬಲವಾಗಿ ಹಿಂಡಿದ ಉಂಡೆ. ಅದರ ಮೇಲೆ ಬೆರಳಿನ ಗುರುತುಗಳಿದ್ದವು. ನನ್ನ ಬೆರಳಿಟ್ಟು ನೋಡಿದೆ, ಗುರುತು ಅಗಲವಾಗಿತ್ತು. ಬೆಳಗಿನಿಂದ ನಾನು ಪುಡಿ ಮುಟ್ಟಿರಲಿಲ್ಲ.

ಇದೇನೆಂದು ನಿಂತಲ್ಲೇ ಪರಿಶೀಲಿಸುತ್ತಿರುವಾಗ ಯಂತ್ರದ ಹಿಂದಿನಿಂದ ಶರಣಪ್ಪನ ದನಿ ಬಂತು: “ಭಾಳ ಹಸಿ ಅದ ರೀ ಈ ಮಾಲು! ಯಾರ್ ಇಳಿಸ್ಕೊಂಡಾರ್ ಇದನ್ನ?”

“ಮೊದಲ ಕೈ ಹೊರಗ ತಗೀ ಮಾರಾಯ!” ಎಂದು ಕೂಗಿದೆ. ಹಿಂದಕ್ಕೆ ಓಡಿ ನೋಡಿದರೆ ಅವನ ತೋಳು ಇನ್ನೂ ಮೊಣಕೈವರೆಗೆ ಯಂತ್ರದೊಳಗಿತ್ತು. ಟವೆಲ್ ಪೆಟ್ಟಿಗೆಯ ಹಿಂದೆ ಜಾರಿ ಬಿದ್ದಿತ್ತು.

ಉಂಡೆಯನ್ನು ಅವನಿಗೆ ತೋರಿಸಿದೆ. ತನ್ನ ಬೆರಳುಗಳನ್ನು ಅದರ ಮೇಲಿಟ್ಟ. ಸರಿಯಾಗಿ ಕೂತವು. “ಊಟ ಆದ ಮ್ಯಾಲ ಕೈ ಬರೋಬರ್ ತೊಳದೀರಿಲ್ರಿ?” ಎಂದ. ನಗಲಿಲ್ಲ.

ಗಾಳಿ, ಬಿಸಿಲು, ಊಟದ ಮಂಪರು, ಎಲ್ಲವನ್ನೂ ವಿಚಾರಣೆಗೆ ಕರೆದಿದ್ದೇನೆ, ಯಾವುದೂ ತಪ್ಪೊಪ್ಪಿಕೊಂಡಿಲ್ಲ.

ಮರುದಿನ ಸ್ವಿಚ್ಚಿಗೆ ಬೀಗ ಹಾಕಿಸಿದೆವು. ಕೀಲಿ ಶರಣಪ್ಪನ ಹತ್ತಿರ ಇರುತ್ತದೆ. ಅವನ ಬೆರಳುಗಳು ಹತ್ತೂ ಇವೆ.