ಒಲೆ ಮುಂದಿನವರ ಬುಟ್ಟಿ

ನಮ್ಮ ಕಣ್ಣಿನ ಆಸ್ಪತ್ರೆಯಲ್ಲಿ ವಿಜಯಶ್ರೀಗೆ ಎಲ್ಲರೂ ಸೇರಿ ಕೊಟ್ಟ ಹುದ್ದೆ ‘ಕಂಪ್ಯೂಟರ್ ಮೇಡಂ’. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಅವಳೇ ಬರಬೇಕು, ಲಿಫ್ಟ್ ನಿಂತರೂ ಅವಳೇ ಬರಬೇಕು, ದೊಡ್ಡ ಡಾಕ್ಟರ ಮೊಬೈಲಿನಲ್ಲಿ ಮೊಮ್ಮಗಳ ಫೋಟೊ ಕಾಣದಿದ್ದರೂ ಅವಳೇ ಹುಡುಕಿಕೊಡಬೇಕು. ಆಗೋದಿಲ್ಲ ಅನ್ನುವ ಮಾತು ಅವಳ ಬಾಯಿಂದ ಬಂದಿದ್ದನ್ನು ನಾನಂತೂ ಕೇಳಿಲ್ಲ. ನಾನು ಅದೇ ಆಸ್ಪತ್ರೆಯ ಕನ್ನಡಕದ ಕೌಂಟರಿನಲ್ಲಿ ಕೂರುವವನು. ಅವಳ ಕೋಣೆಯ ಬಾಗಿಲು ನನ್ನ ಎದುರಿಗೇ. ಬೆಳಿಗ್ಗೆ ಬರುವಾಗ ಎಷ್ಟು ಭಾರವಿತ್ತೋ ಸಂಜೆ ಹೋಗುವಾಗಲೂ ಅಷ್ಟೇ ಭಾರವಿರುವ ಅವಳ ಊಟದ ಡಬ್ಬಿ ನೋಡಿ ಎಷ್ಟೋ ಸಲ ಬೈದಿದ್ದೇನೆ. “ಉಣ್ತೀನಿ ಬಿಡ್ರಿ ಅಣ್ಣಾ, ಇದೊಂದು ಮುಗೀಲಿ” ಅನ್ನುತ್ತಿದ್ದಳು. ಆ ‘ಇದೊಂದು’ ಮುಗಿದದ್ದನ್ನು ನಾನು ಕಂಡಿರಲಿಲ್ಲ.

ಅವಳ ಕೋಣೆಯಲ್ಲೊಂದು ಹಳೆಯ ಸರ್ವರ್ ಇದೆ. ಸೇಡಂ ರಸ್ತೆಯಲ್ಲಿ ನಮ್ಮ ಅಕ್ಕಪಕ್ಕದವರೆಲ್ಲ ಹೊಸ ಯಂತ್ರ ತಂದು ಕೂರಿಸಿದರು. ನಮ್ಮದು ಟ್ರಸ್ಟಿನ ಆಸ್ಪತ್ರೆ, ಇದ್ದುದರಲ್ಲೇ ಸಾಗಿಸಬೇಕು. ಮೇಲಾಗಿ ರೋಗಿಗಳ ವಿವರ ಇಡುವ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿ ಎಂದೋ ಬಾಗಿಲು ಹಾಕಿಕೊಂಡಿದೆ. ಅದು ಆ ಹಳೇ ಯಂತ್ರ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಯಾರ ಯಾವ ಕಣ್ಣಿಗೆ ಪೊರೆ ಬಂದಿದೆ, ಯಾವ ನಂಬರಿನ ಲೆನ್ಸು ಬೇಕು, ಸಕ್ಕರೆ ಕಾಯಿಲೆ ಉಂಟೋ ಇಲ್ಲವೋ, ಎಲ್ಲವೂ ಅದರ ಡೇಟಾಬೇಸಿನಲ್ಲಿ. ವರ್ಷ ಕಳೆದಂತೆ ಡೇಟಾಬೇಸ್ ಬೆಳೆಯಿತು, ಯಂತ್ರ ಬೆಳೆಯಲಿಲ್ಲ. ಒಂದು ಹೆಸರು ಹುಡುಕಲು ಹಚ್ಚಿ, ಹೊರಗೆ ಹೋಗಿ ಚಹಾ ಕುಡಿದು ಬಂದರೂ ಅದು ಇನ್ನೂ ಹುಡುಕುತ್ತಲೇ ಇರುತ್ತಿತ್ತು.

ಅದನ್ನು ಸರಿಮಾಡಲೇಬೇಕೆಂಬ ಹಟ ಅವಳಿಗೆ ಹುಟ್ಟಿದ್ದು ಅತ್ತೆ ಶಂಕ್ರಮ್ಮನ ದೆಸೆಯಿಂದ. ವಿಜಯಶ್ರೀ ಗಂಡ ವಿಶ್ವಾಸನ ಜೊತೆ ಕೋಟನೂರಿನಲ್ಲಿರುತ್ತಾಳೆ. ಅತ್ತೆ ಹಿರಿಮಗನ ಮನೆಯಲ್ಲಿ, ಕಮಲಾಪುರದಲ್ಲಿ. ಆ ಸುತ್ತಿನಲ್ಲಿ ಮದುವೆಗಳಿಗೆ ಜೋಳದ ರೊಟ್ಟಿ ಬಡಿಯುವ ಹೆಂಗಸರ ಗುಂಪಿಗೆ ಶಂಕ್ರಮ್ಮನೇ ಮುಂದಾಳು. ಆಕೆಯದೊಂದು ಕಟ್ಟುನಿಟ್ಟು ಇದೆ. ಮೊದಲು ಬೆಂದ ರೊಟ್ಟಿಗಳು ಬೇರೆ ಬುಟ್ಟಿಗೆ ಹೋಗಬೇಕು, ಮೇಲೆ ಬಿಳಿ ಬಟ್ಟೆ ಮುಚ್ಚಬೇಕು. ಅದು ಒಲೆ ಮುಂದೆ ಕೂತವರ ಪಾಲು. ಬೀಗರೇ ಬಂದು ಕೇಳಿದರೂ ಅದಕ್ಕೆ ಕೈ ಹಾಕುವಂತಿಲ್ಲ.

ಹೊಸ ಸೊಸೆಯಾಗಿ ಆ ಮನೆಗೆ ಕಾಲಿಟ್ಟ ವರ್ಷ ವಿಜಯಶ್ರೀ ಆ ಬುಟ್ಟಿಗೇ ಕೈ ಹಾಕಿದ್ದಳು. ಮದುವೆ ಊಟದ ಪಂಕ್ತಿಯಲ್ಲಿ ಯಾರೋ ರೊಟ್ಟಿ ರೊಟ್ಟಿ ಎಂದು ಕೂಗಿದರು. ಇವಳ ಸ್ವಭಾವ ಗೊತ್ತಲ್ಲ, ಬಟ್ಟೆ ಸರಿಸಿ ಇದ್ದಬದ್ದದ್ದನ್ನೆಲ್ಲ ಹಾಕಿ ಬಂದಳು. ಹೊತ್ತು ಇಳಿಯುವಾಗ ಬರಿ ಹೊಟ್ಟೆಯಲ್ಲಿ ಹೊಗೆ ಕುಡಿಯುತ್ತ ಕೂತಿದ್ದ ಹೆಂಗಸೊಬ್ಬಳು ತಲೆ ಸುತ್ತಿ ಬಿದ್ದಳು. ಉಳಿದವರ ಕೈಯೂ ಸೋತಿತು. ಕೊನೆಯ ಪಂಕ್ತಿಗೆ ರೊಟ್ಟಿಯೇ ಆಗಲಿಲ್ಲ. ಶಂಕ್ರಮ್ಮ ಬೈಯಲಿಲ್ಲ. “ಒಲಿ ಮುಂದಿನವ್ರೇ ಬಿದ್ರ ಪಂಕ್ತಿಗಿ ಯಾರ ಹಾಕ್ತಾರವ್ವ?” ಎಂದಷ್ಟೇ ಕೇಳಿದರಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದು ವಿಜಯಶ್ರೀ ನನ್ನ ಮುಂದೆ ಹೇಳಿದ್ದಾಳೆ.

ಈಗ ಆ ಶಂಕ್ರಮ್ಮನಿಗೆ ಎರಡೂ ಕಣ್ಣಿಗೆ ಪೊರೆ. ಹಂಚಿನ ಮೇಲೆ ರೊಟ್ಟಿ ಉಬ್ಬಿದ್ದು ಕಾಣದೆ ಬೆರಳಿನಿಂದ ಮುಟ್ಟಿ ನೋಡಿ ಸುಟ್ಟುಕೊಳ್ಳುತ್ತಿದ್ದರು. ಹೋದ ವರ್ಷ ಹೇಗೋ ಒಪ್ಪಿಸಿ ಕರೆತಂದರೆ, ಅವರ ವಿವರ ತೆರೆಯಲು ನಮ್ಮ ಸರ್ವರ್ ಮಧ್ಯಾಹ್ನದವರೆಗೆ ಆಟ ಆಡಿಸಿತು. ಅಂಜಿಕೆಯಿಂದಲೇ ಬಂದಿದ್ದ ಅವರು “ಬ್ಯಾಡಂತ ದೇವ್ರೇ ಹೇಳಾಕತ್ತಾನ” ಎಂದು ಎದ್ದು ಕಮಲಾಪುರದ ಬಸ್ಸು ಹತ್ತಿಬಿಟ್ಟರು. ಈ ವರ್ಷ ನಮ್ಮ ಆಸ್ಪತ್ರೆಯವರು ಕಮಲಾಪುರದಲ್ಲಿ ನಡೆಸಿದ ಶಿಬಿರದಲ್ಲಿ ಕಣ್ಣು ಅಳೆಸಿಕೊಂಡಾಗ ಅವರ ಮಾತು ಖಂಡತುಂಡವಾಗಿತ್ತು. “ಇದೊಂದ ಸಲ ಬರ್ತೀನಿ. ಮತ್ತ ಕರೀಬ್ಯಾಡ.”

ಹಾಗಾಗಿ ವಿಜಯಶ್ರೀ ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದ, ಅದೇ ಜಾತಿಯ ಕೆಟ್ಟ ಸರ್ವರಿನಿಂದ ಮೆಮರಿ ಪಟ್ಟಿಗಳನ್ನು ಬಿಚ್ಚಿ ತಂದು ನಮ್ಮದಕ್ಕೆ ಕೂರಿಸಿದಳು. ಕೂರಿಸಿದರೆ ಸಾಲದಂತೆ. ಆ ಕಾಲದ ಡೇಟಾಬೇಸ್ ಎದುರಿಗೆ ಎಷ್ಟೇ ಮೆಮರಿ ಇದ್ದರೂ ತನ್ನ ಗೆರೆ ದಾಟಿ ಕೈಚಾಚುವುದಿಲ್ಲ. ಯಂತ್ರ ಏಳುವಾಗ ಓದುವ ಫೈಲಿನಲ್ಲಿ ಒಂದು ಮಾತು ಸೇರಿಸಬೇಕು, ಮೆಮರಿ ಹಿಡಿದಿಟ್ಟುಕೊಳ್ಳಲು ಡೇಟಾಬೇಸಿಗೆ ಅಪ್ಪಣೆ ಕೊಡಬೇಕು, ಆಮೇಲೆ ಅದರೊಳಗೂ ಒಂದು ಸೆಟ್ಟಿಂಗ್ ಬದಲಿಸಬೇಕು. ಒಂದೊಂದನ್ನೂ ಮಾಡುತ್ತ ಅವಳು ನನಗೆ ವಿವರಿಸಿದಳು, ನನಗೆ ಅರ್ಧ ತಿಳಿಯಿತು. ಕೊನೆಗೊಂದು ಸಾಲು ಉಳಿದಿತ್ತು. ಡೇಟಾಬೇಸ್ ಹೆಚ್ಚೆಂದರೆ ಎಷ್ಟು ಮೆಮರಿ ತೆಗೆದುಕೊಳ್ಳಬಹುದು ಎಂದು ಅಲ್ಲಿ ಹೇಳಬೇಕು. ಅವಳು ಮಿತಿ ಹಾಕಲೇ ಇಲ್ಲ.

“ಎಲ್ಲಾ ಅದಕ್ಕೇ ಇರ್ಲಿ ಬಿಡ್ರಿ ಅಣ್ಣಾ. ಹಸಿದದ್ದು, ಉಣ್ಲಿ” ಅಂದಳು. ಹೆಸರು ಹೊಡೆದು ನೋಡಿದರೆ ಬೆರಳು ಎತ್ತುವಷ್ಟರಲ್ಲಿ ವಿವರ ತೆರೆಯಿತು. ಚಿಕ್ಕ ಹುಡುಗಿಯ ಹಾಗೆ ನಕ್ಕಳು.

ಮರುದಿನ ಬೆಳಿಗ್ಗೆ ಶಿಬಿರದಲ್ಲಿ ಆಪರೇಶನ್ನಿಗೆ ಆರಿಸಿದವರನ್ನು ಹತ್ತಿಸಿಕೊಂಡು ಕಮಲಾಪುರದ ವ್ಯಾನು ಬಂತು, ಶಂಕ್ರಮ್ಮನೂ ಅದರಲ್ಲಿದ್ದರು. ಎಲ್ಲ ಕೌಂಟರುಗಳಲ್ಲಿ ಒಮ್ಮೆಗೇ ಕೆಲಸ ಶುರುವಾಯಿತು, ಸರ್ವರ್ ನಿಂತೇಹೋಯಿತು. ನಿಧಾನವಾದದ್ದಲ್ಲ, ಪೂರಾ ಸ್ತಬ್ಧ. ವಿಜಯಶ್ರೀ ಬಂದ್ ಮಾಡಿ ಎಬ್ಬಿಸಿದಳು, ಒಂದು ಗಳಿಗೆ ನಡೆದು ಮತ್ತೆ ನಿಂತಿತು. ಆಪರೇಶನ್ ಮಾಡುವ ಪ್ರೀತಿ ಮೇಡಂ ಹೊರಗೆ ಬಂದು, “ಎಡಗಣ್ಣೋ ಬಲಗಣ್ಣೋ ಅಂತ ಅಂದಾಜಿನ ಮ್ಯಾಲ ನಾ ಮಾಡಂಗಿಲ್ಲ ವಿಜಯಶ್ರೀ. ಮಧ್ಯಾಹ್ನ ನಾ ಬೀದರಕ್ಕ ಹೋಗ್ಬೇಕು. ಅಷ್ಟರಾಗ ಆಗ್ಲಿಲ್ಲಂದ್ರ ಇವರನ್ನೆಲ್ಲ ಮುಂದಿನ ತಿಂಗಳ ಕರೀರಿ” ಅಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ.

ನನ್ನ ಕೌಂಟರಿನ ಮುಂದಿನ ಬೆಂಚಿನಲ್ಲಿ ಶಂಕ್ರಮ್ಮ ಕೂತಿದ್ದರು. “ಯಾಕಪ್ಪ, ಈ ಸಲಾನೂ ಅದೇ ಏನು?” ಎಂದು ನನ್ನನ್ನು ಕೇಳಿದರು. ಈಗ ಕರೀತಾರ ಎಂದು ಸುಳ್ಳು ಹೇಳಿದೆ. ಅವರು ನಂಬಲಿಲ್ಲ. ಕೈಚೀಲ ತಡಕಿ ಹೆಗಲಿಗೆ ಹಾಕಿಕೊಂಡರು, ಬೆಂಚು ಹಿಡಿದು ಎದ್ದು ನಿಂತರು. ಈಗ ಹೋದರೆ ಇವರು ಕುರುಡರಾಗಿಯೇ ಉಳಿಯುತ್ತಾರೆ, ವಿಜಯಶ್ರೀ ಅದನ್ನು ಜೀವನವಿಡೀ ಹೊರುತ್ತಾಳೆ.

ಅಷ್ಟರಲ್ಲಿ ವಿಜಯಶ್ರೀ ಬಾಗಿಲಿಗೆ ಬಂದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು.

“ಏನಾಗ್ಯಾದ ವಿಜಿ?” ಶಂಕ್ರಮ್ಮ ಕೇಳಿದರು.

“ನಾನೇ ಹಾಳ ಮಾಡೀನ್ರಿ ಅತ್ತಿ. ಇದ್ದದ್ದೆಲ್ಲಾ ಡೇಟಾಬೇಸಿಗೇ ಕೊಟ್ಟೆ. ಎಲ್ಲಾ ತಾನೇ ಹಿಡ್ಕೊಂಡ ಕುಂತದ. ಯಂತ್ರಕ್ಕ ಉಸಿರಾಡಾಕ...”

ಹಾಗೇ ಅತ್ತೆಯ ಮುಖ ನೋಡುತ್ತ ನಿಂತಳು.

“ಅತ್ತಿ, ಬುಟ್ಟಿಗಿ ಕೈ ಹಾಕೀನ್ರಿ ಮತ್ತ.”

ಶಂಕ್ರಮ್ಮನಿಗೆ ಯಂತ್ರದ ಸಂಗತಿ ಒಂದಿಷ್ಟೂ ತಿಳಿದಿರಲಾರದು. ಈ ಮಾತು ಮಾತ್ರ ತಿಳಿಯಿತು. ಕೈಚೀಲ ಇಳಿಸಿ ಮತ್ತೆ ಬೆಂಚಿನ ಮೇಲೆ ಕೂತರು. “ಹಂಗಾದ್ರ ಹೋಗಿ ತಗದ ಇಡು. ನಾ ಕುಂತಿರ್ತೀನಿ.”

ವಿಜಯಶ್ರೀ ಒಳಗೆ ಹೋದಳು. ಯಾರೂ ಒಳಬರದಂತೆ ನೆಟ್‌ವರ್ಕ್ ಕೇಬಲ್ ಕಿತ್ತಳು. ಯಂತ್ರವನ್ನು ಎಬ್ಬಿಸಿ, ಬಿಟ್ಟುಬಂದ ಸಾಲಿಗೆ ಹೋಗಿ ಡೇಟಾಬೇಸಿಗೆ ಒಂದು ಮಿತಿ ಹಾಕಿದಳು. ಯಂತ್ರ ತನ್ನ ಸ್ವಂತ ಕೆಲಸ ಮಾಡಿಕೊಳ್ಳುವಷ್ಟು ಮೆಮರಿಯನ್ನು ಮೊದಲು ತೆಗೆದಿಟ್ಟು, ಉಳಿದದ್ದನ್ನು ಕೊಟ್ಟಳು. ಮತ್ತೊಮ್ಮೆ ಎಬ್ಬಿಸಿ ಕೇಬಲ್ ಚುಚ್ಚಿದಾಗ ಕೌಂಟರುಗಳೆಲ್ಲ ಒಂದೊಂದಾಗಿ ಜೀವ ಪಡೆದವು. ಆಮೇಲೆ ಅದು ನಿಲ್ಲಲಿಲ್ಲ. ಪ್ರೀತಿ ಮೇಡಂ ಹೊರಡುವ ಮೊದಲು ಕಮಲಾಪುರದ ಎಲ್ಲರ ಆಪರೇಶನ್ನೂ ಮುಗಿಯಿತು, ಶಂಕ್ರಮ್ಮನ ಬಲಗಣ್ಣಿನದೂ.

ಮರುದಿನ ಕಣ್ಣಿನ ಪಟ್ಟಿ ಬಿಚ್ಚುವಾಗ ನಾನೂ ಅಲ್ಲಿದ್ದೆ, ಕರಿ ಕನ್ನಡಕ ಕೊಡುವುದು ನನ್ನ ಕೆಲಸ. ಶಂಕ್ರಮ್ಮ ನೀರಾಡುವ ಕಣ್ಣು ತೆರೆದು ಮೊದಲು ಕಿಟಕಿ ನೋಡಿದರು, ಆಮೇಲೆ ತಮ್ಮ ಸುಟ್ಟ ಬೆರಳು ನೋಡಿಕೊಂಡರು. ಕೊನೆಗೆ ಸೊಸೆಯ ಮುಖಕ್ಕೆ ಬಂದರು. ಅಲ್ಲಿಂದ ಕಣ್ಣು ಕದಲಲಿಲ್ಲ. ಎಷ್ಟು ವರ್ಷದಿಂದ ಅವರು ಅವಳನ್ನು ಮಂಜಿನಲ್ಲೇ ನೋಡಿದ್ದರೋ ಏನೋ.

“ಇಷ್ಟ್ಯಾಕ ಸೊರಗೀದಿ?”

“ಕೆಲಸ ರೀ ಅತ್ತಿ.”

ಶಂಕ್ರಮ್ಮ ಅವಳ ಕೆನ್ನೆ ಮುಟ್ಟಿದರು. “ನಿನ್ನ ಬುಟ್ಟಿಗಿ ದಿನಾ ಯಾರ ಕೈ ಹಾಕಾಕತ್ತಾರ?”

ವಿಜಯಶ್ರೀ ತಲೆ ತಗ್ಗಿಸಿದಳು. ನಾನೂ ತಗ್ಗಿಸಿದೆ, ಹಿಂದಿನ ವಾರವಷ್ಟೇ ಅವಳ ಊಟದ ಹೊತ್ತಿನಲ್ಲಿ ನನ್ನ ಬಿಲ್ಲಿನ ಯಂತ್ರ ರಿಪೇರಿ ಮಾಡಿಸಿಕೊಂಡಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಅಬ್ರಾರ್ ಕಾಣಿಸಿದ, ರಿಸೆಪ್ಶನ್ನಿನವನು. “ಮೇಡಂ, ಪ್ರಿಂಟರ್ ಮತ್ತ ನಿಂತದ್ರಿ.” ವಿಜಯಶ್ರೀ ಏಳಹೋದಳು. ಶಂಕ್ರಮ್ಮ ಅವಳ ಮಣಿಕಟ್ಟು ಹಿಡಿದು ಕೂರಿಸಿ, ಇನ್ನೊಂದು ಕೈಯಿಂದ ಅವಳ ಪಕ್ಕದಲ್ಲಿದ್ದ ಊಟದ ಡಬ್ಬಿಯ ಮುಚ್ಚಳ ತೆಗೆದರು.

“ಉಣ್ಣಾಕತ್ತಾಳ ಅಂತ ಹೇಳಪ್ಪ” ಎಂದರು ನನಗೆ.

ನಾನು ಅಬ್ರಾರನನ್ನು ಹೊರಗೆ ಕರೆದುಕೊಂಡು ಹೋಗಿ, ಎಲ್ಲ ಕೌಂಟರುಗಳಿಗೂ ಹಾಗೆಯೇ ಹೇಳಿ ಬಂದೆ.