ಚುಕ್ಕೆ ಬೆಸುಗೆ

ಭಾನುವಾರ ಬಂತೆಂದರೆ ನಮ್ಮ ಭಾವ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು ಚೌಕದ ಕಡೆ ಹೊರಟುಬಿಡುತ್ತಿದ್ದರು. ಅಲ್ಲಿ ಎರಡಾಳು ಎತ್ತರದ ಎರಡು ಉಕ್ಕಿನ ಉಂಗುರಗಳು ಒಂದಕ್ಕೊಂದು ಒರಗಿ ನಿಂತಿವೆ. ಕಲಾವಿದರು ಅದಕ್ಕೆ ‘ಅನಂತ’ ಎಂದು ಹೆಸರಿಟ್ಟರು, ಜನ ‘ಬಳೆ’ ಎಂದರು. ಒಂಬತ್ತು ವಾರ ಕೂತು ಬೆಸುಗೆ ಹಾಕಿದವರು ಭಾವ.

“ಹೋಗಿ ಬನ್ನಿ, ನನ್ನ ಸವತಿ ಕಾಯ್ತಿರ್ತಾಳೆ,” ಎಂದು ಅಕ್ಕ ನಗುತ್ತಿದ್ದಳು. ಭಾವ ನಗುತ್ತಿರಲಿಲ್ಲ. ಮನುಷ್ಯನಿಗೆ ಜಂಬ ಬಂದಿದೆ ಎಂದುಕೊಂಡಿದ್ದೆ. ಕಳೆದ ವಾರ ಜೊತೆಗೆ ಹೋದಾಗಲೇ ಗೊತ್ತಾದದ್ದು, ಅದು ಜಂಬವಲ್ಲ, ಹೆದರಿಕೆ.

ನೇರ ಹಿಂದಕ್ಕೆ ಹೋಗಿ, ಎರಡು ಬಳೆ ಸೇರುವ ಸಂದಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಬಣ್ಣದ ಮೇಲೆ ಕೂದಲೆಳೆಯಷ್ಟು ಬಿರುಕು, ಅದರಿಂದ ತುಕ್ಕು ಇಳಿದಿತ್ತು.

“ಹೋದ ವಾರ ಇಷ್ಟುದ್ದ ಇರ್ಲಿಲ್ಲ.”

“ಏನು ಭಾವ ಇದು?”

“ಇಲ್ಲಿ ಬರೀ ಚುಕ್ಕೆ ಇಟ್ಟಿದೀನಿ ಕಣಮ್ಮ.”

ತುಂಡು ಕದಲದಿರಲೆಂದು ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ, ಆಮೇಲೆ ಉದ್ದಕ್ಕೂ ಭರ್ತಿ. ದರ್ಜಿಯ ಕಚ್ಚಾ ಹೊಲಿಗೆ ಇದ್ದ ಹಾಗೆ. ಉದ್ಘಾಟನೆ ಎರಡು ದಿನ ಮುಂಚೆ ಬಂತು. ಮೊದಲ ಬಳೆಯ ಈ ಜಾಗಕ್ಕೆ ಇನ್ನೂ ಚುಕ್ಕೆ ಮಾತ್ರ ಬಿದ್ದಿತ್ತು, ಭಾವ ಊಟಕ್ಕೆ ಹೋಗಿದ್ದಾಗ ಕ್ರೇನಿನವನು ಎರಡನೆಯ ಬಳೆ ತಂದು ಕೂರಿಸಿಬಿಟ್ಟ. ಸಂದಿಯೊಳಗೆ ಬೆಸುಗೆ ಕಡ್ಡಿ ಹಿಡಿದ ಕೈ ಹೋಗಲಿಲ್ಲ. “ಪುಟ್ಟಿ ತುಂಬಿ ಬಣ್ಣ ಬಳಿ, ಯಾರ್ ನೋಡ್ತಾರೆ?” ಎಂದ ಮೇಸ್ತ್ರಿ. ಇಪ್ಪತ್ತೆರಡು ವರ್ಷದಲ್ಲಿ ಒಂದು ಗೇಟೂ ರಿಪೇರಿಗೆ ವಾಪಸ್ ಬರದ ಕೈ ಅದು. ಅದೇ ಕೈ ಪುಟ್ಟಿ ತುಂಬಿತು.

“ಹೋಗಿ ಹೇಳಿಬಿಡಿ ಭಾವ!” ಎಂದು ಗದರಿದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

“ಹೇಳಿದ್ರೆ ಇನ್ಮೇಲೆ ನಂಗೆ ಯಾರು ಕೆಲ್ಸ ಕೊಡ್ತಾರೆ? ನಮ್ ಹೊಟ್ಟೆಗೆ ಮಣ್ಣು ಬೀಳುತ್ತೆ.”

ಅಷ್ಟರಲ್ಲಿ ಯಾರೋ ಒಬ್ಬ ತನ್ನ ಹೆಂಡತಿಯನ್ನು ಬಳೆಯ ಬಾಗಿನಲ್ಲಿ ಕೂರಿಸಿ, ಫೋಟೋ ತೆಗೆಯಲು ಹಿಂದೆ ಸರಿದ. ಉಕ್ಕು ಕಿರ್ರೆಂದಿತಂತೆ. ನನಗೆ ಕೇಳಲಿಲ್ಲ, ಭಾವನಿಗೆ ಕೇಳಿತು.

“ಇಳಿಸ್ರೀ! ಅವ್ರನ್ನ ಮೊದ್ಲು ಇಳಿಸ್ರೀ!”

ಚೌಕವೆಲ್ಲ ತಿರುಗಿ ನೋಡಿತು.

“ಯಾಕ್ರೀ, ನಿಮ್ಮಪ್ಪನ ಮನೆ ಆಸ್ತೀನಾ ಇದು?” ಎಂದ ಆ ಗಂಡ.

ಭಾವ ಸಂದಿಯ ಕಡೆ ಕೈ ತೋರಿಸಿದರು. “ಅಲ್ಲಪ್ಪ. ನಾನು ಮಾಡಿದ್ ಕೆಲ್ಸ. ಸರಿಯಾಗ್ ಮಾಡಿಲ್ಲ.”

ಆಕೆ ದಡಬಡಿಸಿ ಇಳಿದಳು. ಕಾವಲುಗಾರ ಬಂದು, ಪುಸ್ತಕ ಬಿಚ್ಚಿ ಹೆಸರು ವಿಳಾಸ ಕೇಳಿದ. ಭಾವ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ನನಗೆ ತಡೆಯಲಾಗಲಿಲ್ಲ.

“ಆ ಮೇಸ್ತ್ರಿ ಹೆಸ್ರೂ ಬರ್ಕೊಳ್ಳಿ!”

ಭಾವ ತಲೆಯಾಡಿಸಿದರು. “ಬೇಡ. ಕೈ ನಂದು.”